ಹಾಸನ, ಚಿಕ್ಕಮಗಳೂರಿನಲ್ಲೇ ಇದ್ದು ಸಂಶೋಧನಾ ಇಂಟರ್ನ್‌ಶಿಪ್: ಜಾಗ ಹುಡುಕುವುದರಿಂದ ಪೇಪರ್ ಕಳಿಸುವ ತನಕ

ಪರೀಕ್ಷೆ ಮುಗಿಯುವ ಹೊತ್ತಿಗೆ ನಮ್ಮ ಎರಡೂ ಜಿಲ್ಲೆಗಳ ಕಾಲೇಜು ಮಕ್ಕಳ ವಾಟ್ಸಾಪ್ ಗುಂಪುಗಳಲ್ಲಿ ಒಂದೇ ಥರದ ಪೋಸ್ಟರ್‌ಗಳು ಓಡಾಡುತ್ತವೆ. ‘ಮನೆಯಲ್ಲೇ ಕೂತು ಸಂಶೋಧನಾ ಇಂಟರ್ನ್‌ಶಿಪ್. ಸರ್ಟಿಫಿಕೇಟ್ ಖಚಿತ. ಅಂತರರಾಷ್ಟ್ರೀಯ ಜರ್ನಲ್‌ನಲ್ಲಿ ಪೇಪರ್ ಖಚಿತ.’ ಕೆಳಗೊಂದು ಕ್ಯೂಆರ್ ಕೋಡ್. ಮೊದಲೇ ಹೇಳಿಬಿಡುತ್ತೇನೆ, ಆ ಕೋಡ್‌ಗೆ ದುಡ್ಡು ಹಾಕಬೇಡಿ. ಪೇಪರ್ ಪ್ರಕಟವಾಗುತ್ತದೋ ಇಲ್ಲವೋ ಅಂತ ತೀರ್ಮಾನಿಸುವವರು ಜರ್ನಲ್‌ನ ಸಂಪಾದಕರು ಮತ್ತು ಅದನ್ನು ಓದಿ ತೂಗುವ ಪರಿಶೀಲಕರು. ಕೆಲಸ ಶುರುವಾಗುವ ಮೊದಲೇ ‘ಖಚಿತ’ ಅನ್ನುವವರು ಮಾರುತ್ತಿರುವುದು ಸಂಶೋಧನೆಯನ್ನಲ್ಲ.

ಹಾಗಾದರೆ ಏನು ಮಾಡಬೇಕು? ನಮ್ಮ ಊರಿನ ಸುತ್ತಲೇ ಸಿಗುವ ಒಂದು ಸಣ್ಣ, ನಿಜವಾದ ಡೇಟಾ ಹಿಡಿದು, ಅದನ್ನು ಶುದ್ಧ ಮಾಡಿ, ಲೆಕ್ಕ ಹಾಕಿ, ಓದಬಲ್ಲ ಹಾಗೆ ಬರೆಯುವುದನ್ನು ಕಲಿಯಬೇಕು. ಪೇಪರ್ ಅದರ ಕೊನೆಯ ಹಂತ. ಬಂದರೆ ಸಂತೋಷ. ಬರದಿದ್ದರೂ ಎರಡು ತಿಂಗಳಲ್ಲಿ ಕಲಿತದ್ದು ಕೈಯಲ್ಲೇ ಉಳಿಯುತ್ತದೆ.

ಯಾವ ಕೆಲಸ ಕಲಿಯಬೇಕು ಅಂತ ಮೊದಲು ತೀರ್ಮಾನಿಸಿ

ಇಂಟರ್ನ್‌ಶಿಪ್ ಅಂದಾಗ ಇಲ್ಲಿ ಮೂರು ಬಗೆಯ ಕೆಲಸ ಬೆರೆತಿರುತ್ತದೆ. ವೈಜ್ಞಾನಿಕ ಬರವಣಿಗೆ ಅಂದರೆ ಹಳೆಯ ಪೇಪರ್‌ಗಳನ್ನು ಓದಿ ಸಾರ ಬರೆಯುವುದು, ಚಿತ್ರಗಳಿಗೆ ವಿವರಣೆ ಕೊಡುವುದು, ರೈತರಿಗೋ ರೋಗಿಗಳಿಗೋ ಅರ್ಥವಾಗುವ ಕೈಪಿಡಿ ತಯಾರಿಸುವುದು. ಡೇಟಾ ವಿಶ್ಲೇಷಣೆ ಅಂದರೆ ಅಂಕಿ ತುಂಬುವುದು, ತಪ್ಪು ಹುಡುಕುವುದು, ಗ್ರಾಫ್ ಬಿಡಿಸುವುದು. ಪ್ರಕಟಣೆಯ ಕೆಲಸ ಅಂದರೆ ಜರ್ನಲ್ ಕೇಳಿದ ನಮೂನೆಗೆ ಹಸ್ತಪ್ರತಿ ಹೊಂದಿಸುವುದು, ಉಲ್ಲೇಖಗಳನ್ನು ಒಂದೊಂದಾಗಿ ತಾಳೆ ನೋಡುವುದು, ಪ್ರೂಫ್ ತಿದ್ದುವುದು.

ಯಾವುದು ಬೇಕು ಅಂತ ಗೊತ್ತಿಲ್ಲದಿದ್ದರೆ ಡೇಟಾದಿಂದ ಶುರು ಮಾಡಿ. ಅಂಕಿಯ ಜೊತೆ ಗುದ್ದಾಡಿದವರಿಗೆ ಬರೆಯಲು ಏನಾದರೂ ಇರುತ್ತದೆ. ಬರೀ ಬರವಣಿಗೆಯಿಂದ ಶುರು ಮಾಡಿದವರು ಬೇರೆಯವರ ವಾಕ್ಯಗಳನ್ನೇ ತಿರುಗಿಸಿ ಮುರುಗಿಸಿ ಬರೆಯುತ್ತಾ ಕೂರುತ್ತಾರೆ.

ಜಾಗ ಎಲ್ಲಿದೆ?

‘ನಮ್ಮೂರಲ್ಲಿ ಏನಿದೆ ಸರ್, ಎಲ್ಲ ಬೆಂಗಳೂರಲ್ಲೇ’ ಅನ್ನುವ ಮಾತು ಸಾಕಷ್ಟು ಕೇಳಿದ್ದೇನೆ. ಬಾಳೆಹೊನ್ನೂರಿನ ಹತ್ತಿರ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ ಇದೆ. 1925ರಲ್ಲಿ ಮೈಸೂರು ಸಂಸ್ಥಾನದ ಕಾಫಿ ಪ್ರಯೋಗ ಕೇಂದ್ರವಾಗಿ ಶುರುವಾದದ್ದು ಅದು. ಎಲೆ ತುಕ್ಕು ರೋಗ, ಬಿಳಿ ಕಾಂಡಕೊರಕ, ಹೊಸ ತಳಿಗಳು, ಮಣ್ಣು, ಎಲ್ಲದರ ಮೇಲೂ ಅಲ್ಲಿ ಕೆಲಸ ನಡೆಯುತ್ತದೆ. ಮೂಡಿಗೆರೆಯಲ್ಲಿ ತೋಟಗಾರಿಕೆ ಕಾಲೇಜು, ಅದರ ಜೊತೆಗೇ ಕೃಷಿ ಮತ್ತು ತೋಟಗಾರಿಕೆ ಸಂಶೋಧನಾ ಕೇಂದ್ರ. ಸಕಲೇಶಪುರದಲ್ಲಿ ಏಲಕ್ಕಿ ಸಂಶೋಧನಾ ಕೇಂದ್ರ. ಹಾಸನದ ಪಕ್ಕದ ಕಾರೇಕೆರೆಯಲ್ಲಿ ಕೃಷಿ ಕಾಲೇಜು, ಹಾಸನದಲ್ಲೇ ಪಶುವೈದ್ಯಕೀಯ ಕಾಲೇಜು. ಎರಡೂ ಊರುಗಳಲ್ಲಿ ಇಂಜಿನಿಯರಿಂಗ್ ಕಾಲೇಜುಗಳಿವೆ, ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ. ವೈದ್ಯಕೀಯ ಕಾಲೇಜಿನ ಸಮುದಾಯ ವೈದ್ಯಕೀಯ ವಿಭಾಗವನ್ನು ಜನ ಮರೆತೇಬಿಡುತ್ತಾರೆ. ಸಮೀಕ್ಷೆ, ಸಂಖ್ಯಾಶಾಸ್ತ್ರ ಎಲ್ಲ ನಡೆಯುವುದು ಅಲ್ಲೇ. ಬಿಎಸ್ಸಿ ಸಂಖ್ಯಾಶಾಸ್ತ್ರ ಓದಿದವರು ಮೊದಲು ಆ ಬಾಗಿಲು ತಟ್ಟಬೇಕು.

ಇಲ್ಲೆಲ್ಲ ‘ಇಂಟರ್ನ್‌ಗಳು ಬೇಕಾಗಿದ್ದಾರೆ’ ಅಂತ ಬೋರ್ಡ್ ತೂಗು ಹಾಕಿರುವುದಿಲ್ಲ. ಕಾಲೇಜಿನ ಪತ್ರ ಹಿಡಿದು ನಾವೇ ಕೇಳಬೇಕು. ಇನ್ನೂ ಹತ್ತಿರದ ದಾರಿ ಒಂದಿದೆ. ನಿಮ್ಮ ಕಾಲೇಜಿನಲ್ಲೇ ಪಿಎಚ್‌ಡಿ ಮಾಡುತ್ತಿರುವ ಒಬ್ಬರು ಮೇಷ್ಟ್ರೋ ಮೇಡಮ್ಮೋ ಇದ್ದೇ ಇರುತ್ತಾರೆ. ಅವರ ಬೀರುವಿನಲ್ಲಿ ಕಂಪ್ಯೂಟರ್‌ಗೆ ಏರದ ಪ್ರಶ್ನಾವಳಿಗಳ ಕಟ್ಟು ಇರುತ್ತದೆ. ಸಹಾಯ ಬೇಕಾ ಅಂತ ಕೇಳಿ ನೋಡಿ.

ಹಾಸನದ ಹುಡುಗರಿಗೆ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರದ ಕನಸು ಇರುತ್ತದೆ. ಇರಲಿ. ಆದರೆ ಅದು ಗೇಟಿನ ಹತ್ತಿರ ಹೋಗಿ ಕೇಳುವ ಜಾಗ ಅಲ್ಲ. ಇಸ್ರೋದ ಅಧಿಕೃತ ಪ್ರಕಟಣೆ ನೋಡಿ ಕಾಲೇಜಿನ ಮೂಲಕವೇ ಹೋಗಬೇಕು.

ಹೊರಗೆ ಹೋಗಲೇಬೇಕು ಅನ್ನುವವರು ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಕೊಡುವ ಬೇಸಿಗೆ ಸಂಶೋಧನಾ ಫೆಲೋಶಿಪ್‌ಗೆ ಅರ್ಜಿ ಹಾಕಿ. ಎರಡು ತಿಂಗಳ ಕೆಲಸ, ಸ್ಟೈಪೆಂಡ್ ಕೊಡುತ್ತಾರೆ. ಬೇಸಿಗೆಯ ಕೆಲಸಕ್ಕೆ ಹಿಂದಿನ ವರ್ಷದ ಕೊನೆಯಲ್ಲೇ ಅರ್ಜಿ ಕರೆಯುತ್ತಾರೆ. ಏಪ್ರಿಲ್‌ನಲ್ಲಿ ನೆನಪು ಮಾಡಿಕೊಂಡರೆ ತಡವಾಗಿರುತ್ತದೆ.

ಕೇಳುವ ಪತ್ರ

‘ಗೌರವಾನ್ವಿತ ಸರ್, ನನಗೆ ಸಂಶೋಧನೆಯಲ್ಲಿ ಅಪಾರ ಆಸಕ್ತಿ ಇದೆ’ ಅಂತ ಶುರುವಾಗುವ ಪತ್ರವನ್ನು ವಿಜ್ಞಾನಿಗಳು ಓದುವುದಿಲ್ಲ. ಅದನ್ನೇ ಇನ್ನೂ ಹತ್ತು ಜನಕ್ಕೆ ಕಳಿಸಿದ್ದೀರಿ ಅಂತ ಅವರಿಗೆ ಗೊತ್ತಾಗುತ್ತದೆ. ಅವರ ಒಂದು ಪೇಪರ್ ಹುಡುಕಿ ಓದಿ. ಪೂರ್ತಿ ಅರ್ಥವಾಗಬೇಕಿಲ್ಲ. ಅದರಲ್ಲಿ ನಿಮ್ಮನ್ನು ಕಾಡಿದ ಒಂದು ಪ್ರಶ್ನೆ ಸಿಕ್ಕರೆ ಸಾಕು. ಪತ್ರ ಇಷ್ಟೇ ಇರಲಿ:

‘ಸರ್, ನಾನು ಚಿಕ್ಕಮಗಳೂರಿನ ಇಂಥ ಕಾಲೇಜಿನಲ್ಲಿ ಎರಡನೇ ವರ್ಷದ ಬಿಎಸ್ಸಿ ಓದುತ್ತಿದ್ದೇನೆ. ಕಾಂಡಕೊರಕದ ಮೇಲಿನ ನಿಮ್ಮ ಪೇಪರ್ ಓದಿದೆ. ನೆರಳು ಕಡಿಮೆ ಇರುವ ತೋಟಗಳ ಅಂಕಿಯನ್ನು ಬೇರೆ ಮಾಡಿ ನೋಡಿದ್ದೀರಾ ಎಂಬುದು ನನ್ನ ಪ್ರಶ್ನೆ. ಜೂನ್ 1ರಿಂದ ಆರು ವಾರ ನನಗೆ ಬಿಡುವಿದೆ. ಎಕ್ಸೆಲ್ ಚೆನ್ನಾಗಿ ಬರುತ್ತದೆ, ಆರ್ ಪ್ರೋಗ್ರಾಮಿಂಗ್ ಕಲಿಯುತ್ತಿದ್ದೇನೆ. ನಿಮ್ಮ ಬಳಿ ಕಂಪ್ಯೂಟರ್‌ಗೆ ಏರಿಸಬೇಕಾದ ಹಳೆಯ ದಾಖಲೆ ಇದ್ದರೆ ಆ ಕೆಲಸದಿಂದ ಶುರು ಮಾಡಬಲ್ಲೆ. ಕಾಲೇಜಿನ ಪತ್ರ ಲಗತ್ತಿಸಿದ್ದೇನೆ.’

ಕೊನೆಯ ಸಾಲುಗಳೇ ಮುಖ್ಯ. ಯಾರಿಗೂ ಬೇಡವಾದ ಕೆಲಸವನ್ನು ನೀವಾಗಿ ಕೇಳುತ್ತಿದ್ದೀರಿ. ಎರಡು ತಿಂಗಳು ಮೊದಲೇ ಕಳಿಸಿ. ಉತ್ತರ ಬರದಿದ್ದರೆ ಹತ್ತು ದಿನ ಬಿಟ್ಟು ಒಂದು ಸಲ ನೆನಪಿಸಿ. ಆಮೇಲೆ ಬಸ್ಸು ಹತ್ತಿ ಖುದ್ದಾಗಿ ಹೋಗಿ. ನಮ್ಮ ಕಡೆ ಈಗಲೂ ಮೇಲ್‌ಗಿಂತ ಮುಖ ನೋಡಿ ಮಾತಾಡುವುದಕ್ಕೇ ಬೆಲೆ ಜಾಸ್ತಿ.

ಪದವಿ ವಿದ್ಯಾರ್ಥಿಗಳ ಇಂಟರ್ನ್‌ಶಿಪ್‌ಗೆ ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) 2024ರಲ್ಲಿ ಮಾರ್ಗಸೂಚಿ ಹೊರಡಿಸಿದೆ. ಕ್ರೆಡಿಟ್ ಬೇಕಿದ್ದರೆ ಎಷ್ಟು ಗಂಟೆ, ಯಾವ ನಮೂನೆಯ ವರದಿ ಅಂತ ಕಾಲೇಜಿನಲ್ಲಿ ಮೊದಲೇ ಕೇಳಿಕೊಳ್ಳಿ. ಕೆಲಸ ಮುಗಿದ ಮೇಲೆ ಸಹಿಗಾಗಿ ಓಡಾಡುವುದು ಬೇಡ.

ಕೈ ಹಾಕಿ ಕಲಿಯಲು ಒಂದು ಡೇಟಾ: ತೋಟದ ಮಳೆ ಪುಸ್ತಕ

ಎಲ್ಲೂ ಜಾಗ ಸಿಗಲಿಲ್ಲವೇ? ಕಾಲೇಜಿನ ಒಬ್ಬರು ಅಧ್ಯಾಪಕರನ್ನು ಗೈಡ್ ಆಗಿ ಒಪ್ಪಿಸಿ ಈ ಕೆಲಸ ಎತ್ತಿಕೊಳ್ಳಿ. ಜಾಗ ಸಿಕ್ಕವರಿಗೂ ಇದು ಒಳ್ಳೆ ಅಭ್ಯಾಸ.

ಮಲೆನಾಡಿನ ಹಳೆಯ ಕಾಫಿ ತೋಟಗಳಲ್ಲಿ ಮಳೆ ಅಳೆದು ಬರೆದಿಡುವ ರೂಢಿ ಇದೆ. ತೋಟದ ಲೆಕ್ಕ ಬರೆಯುವ ರೈಟರು ದಿನಾ ಬೆಳಿಗ್ಗೆ ಮಾಪಕ ನೋಡಿ ಪುಸ್ತಕದಲ್ಲಿ ಬರೆಯುತ್ತಾರೆ. ಲೆಕ್ಕ ಇಂಚು ಮತ್ತು ಸೆಂಟ್‌ನಲ್ಲಿ. 100 ಸೆಂಟ್ ಅಂದರೆ ಒಂದು ಇಂಚು, ಅಂದರೆ 25.4 ಮಿಲಿಮೀಟರ್. ಪರಿಚಯದವರ ತೋಟದಲ್ಲಿ ಇಂಥ ಪುಸ್ತಕ ಇದ್ದರೆ ಮಾಲೀಕರ ಅನುಮತಿ ಕೇಳಿ. ಪುಸ್ತಕ ಮನೆಗೆ ತರಬೇಡಿ. ಅಲ್ಲೇ ಕೂತು ಪುಟಪುಟವೂ ಫೋಟೋ ತೆಗೆದುಕೊಳ್ಳಿ. ಪುಟದ ನಾಲ್ಕೂ ಮೂಲೆ ಕಾಣಬೇಕು, ತಿಂಗಳ ಹೆಸರು ಕಾಣಬೇಕು.

ಈಗ ಟೈಪ್ ಮಾಡುವ ಕೆಲಸ. ಸುಲಭ ಅನ್ನಿಸುತ್ತದೆ, ಅಲ್ವಾ? ಮೊದಲ ಪುಟದಲ್ಲೇ ತೊಡಕು ಎದುರಾಗುತ್ತದೆ. ‘1-25’ ಅಂತ ಬರೆದಿರುತ್ತಾರೆ, ಅಂದರೆ ಒಂದು ಇಂಚು 25 ಸೆಂಟ್. ಅದನ್ನು ಹಾಗೇ ಎಕ್ಸೆಲ್‌ಗೆ ಹಾಕಿದರೆ ಅದು ತಾರೀಖಾಗಿ ಬದಲಾಗುತ್ತದೆ. ಸದ್ದಿಲ್ಲದೆ. ಇದು ನಮ್ಮೊಬ್ಬರ ಪಾಡಲ್ಲ. ಮಾರ್ಚ್1, ಸೆಪ್ಟ್1 ಎಂಬ ಹೆಸರಿನ ಜೀನ್‌ಗಳನ್ನು ಎಕ್ಸೆಲ್ ವರ್ಷಗಟ್ಟಲೆ ಮಾರ್ಚ್ 1, ಸೆಪ್ಟೆಂಬರ್ 1 ಅಂತ ತಿದ್ದುತ್ತಾ ಬಂತು. ಪ್ರಕಟವಾದ ಪೇಪರ್‌ಗಳ ಪಟ್ಟಿಗಳಲ್ಲೂ ಆ ತಪ್ಪು ಉಳಿದುಕೊಂಡಿತ್ತು. ಕೊನೆಗೆ ಮನುಷ್ಯರ ಜೀನ್‌ಗಳಿಗೆ ಹೆಸರಿಡುವ ಸಮಿತಿಯೇ ಸೋತು, 2020ರ ಹೊಸ ನಿಯಮಗಳಲ್ಲಿ ಆ ಜೀನ್‌ಗಳ ಹೆಸರು ಬದಲಿಸಿತು. ನಾವು ಮಾಡಬೇಕಾದ್ದು ಇಷ್ಟೇ: ಇಂಚಿಗೆ ಒಂದು ಕಾಲಂ, ಸೆಂಟ್‌ಗೆ ಒಂದು ಕಾಲಂ. ಮಿಲಿಮೀಟರ್‌ಗೆ ಇನ್ನೊಂದು, ಅದನ್ನು ಸೂತ್ರವೇ ಲೆಕ್ಕ ಹಾಕಲಿ.

ಎರಡನೇ ತೊಡಕು ಖಾಲಿ ಜಾಗ. ಮಳೆ ಬರಲಿಲ್ಲ ಅನ್ನುವುದು ಬೇರೆ, ಆ ದಿನ ಯಾರೂ ನೋಡಲಿಲ್ಲ ಅನ್ನುವುದು ಬೇರೆ. ಸೊನ್ನೆ, ಅಡ್ಡಗೆರೆ, ಖಾಲಿ, ಈ ಮೂರನ್ನೂ ಬೇರೆ ಬೇರೆಯಾಗಿ ಗುರುತು ಮಾಡಿ. ಅಡ್ಡಗೆರೆ ಹಾಕಿದರೆ ಏನರ್ಥ ಅಂತ ರೈಟರನ್ನೇ ಕೇಳಿ. ಖಾಲಿ ಕಂಡಲ್ಲೆಲ್ಲ ಸೊನ್ನೆ ತುಂಬಿದಿರೋ, ಬರ ಇಲ್ಲದ ವರ್ಷದಲ್ಲೂ ಬರ ಬಂದುಬಿಡುತ್ತದೆ. ಹಳೆಯ ಪುಸ್ತಕದಲ್ಲಿ ಕನ್ನಡ ಅಂಕಿ ಇದ್ದರೆ ೬ ಮತ್ತು ೯ ಕಣ್ಣು ತಪ್ಪಿಸುತ್ತವೆ. ಸಂಶಯ ಬಂದ ಅಂಕಿಯ ಪಕ್ಕ ಷರಾ ಕಾಲಂನಲ್ಲಿ ‘ಸಂಶಯ’ ಅಂತಲೇ ಬರೆಯಿರಿ.

ಮೂರನೆಯದು ತಾರೀಖು. ಹವಾಮಾನ ಇಲಾಖೆ ದಿನದ ಮಳೆ ಅನ್ನುವುದು ಬೆಳಿಗ್ಗೆ 8.30ಕ್ಕೆ ಮುಗಿಯುವ 24 ಗಂಟೆಯ ಮಳೆಯನ್ನು. ಸೋಮವಾರ ಸಂಜೆ ಸುರಿದದ್ದು ಮಂಗಳವಾರದ ಲೆಕ್ಕಕ್ಕೆ ಹೋಗುತ್ತದೆ. ಆದರೆ ಕೆಲವು ರೈಟರು ‘ನಿನ್ನೆ ಬಂದ ಮಳೆ ತಾನೇ’ ಅಂತ ಸೋಮವಾರದ ಮನೆಯಲ್ಲೇ ಬರೆಯುತ್ತಾರೆ. ನಿಮ್ಮ ಪುಸ್ತಕ ಯಾವ ಥರದ್ದು? ಹತ್ತಿರದ ಸರ್ಕಾರಿ ಮಾಪಕದ ಅಂಕಿಯ ಪಕ್ಕ ಇಟ್ಟು ನೋಡಿ. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಾಪಕಗಳಿವೆ. ದೊಡ್ಡ ಮಳೆಗಳೆಲ್ಲ ಒಂದು ದಿನ ಹಿಂದೆ ಮುಂದೆ ಕಂಡರೆ ಉತ್ತರ ಸಿಕ್ಕಿತು.

ತಿದ್ದುವ ಕೆಲಸ ಯಾವತ್ತೂ ನಕಲಿನ ಮೇಲೆ. ಮೂಲ ಕಡತವನ್ನು ಮುಟ್ಟಬೇಡಿ. ಪ್ರತಿ ಕಾಲಂ ಏನು, ಯಾವ ಅಳತೆ, ಯಾರಿಂದ ಬಂತು ಅಂತ ಬೇರೆ ಒಂದು ಪುಟದಲ್ಲಿ ಬರೆದಿಡಿ. ‘ಫೈನಲ್’, ‘ಫೈನಲ್ 2’, ‘ನಿಜವಾದ ಫೈನಲ್’ ಅಂತ ಹೆಸರಿಡುವುದನ್ನು ಬಿಟ್ಟು ಹೆಸರಿನಲ್ಲಿ ತಾರೀಖು ಹಾಕಿ.

ಆಮೇಲೆ ಲೆಕ್ಕ. ಆರ್, ಪೈಥಾನ್ ಎರಡೂ ಉಚಿತ. ಯಾವುದಾದರೂ ಒಂದು ಕಲಿಯಿರಿ, ಎರಡರ ನಡುವೆ ಅಲೆದಾಡಬೇಡಿ. ಮೊದಲು ಎಲ್ಲ ದಿನಗಳನ್ನೂ ಗ್ರಾಫ್ ಹಾಕಿ ಕಣ್ಣಲ್ಲಿ ನೋಡಿ. ಜನವರಿಯಲ್ಲಿ ಹನ್ನೆರಡು ಇಂಚು ಕಂಡರೆ ಅದು ಮಳೆಯಲ್ಲ, ಬೆರಳು ಜಾರಿದ್ದು. ತಿಂಗಳ ಮೊತ್ತ ತೆಗೆಯಿರಿ. ಮಳೆ ದಿನಗಳನ್ನು ಎಣಿಸಿ. 2.5 ಮಿಲಿಮೀಟರ್ ಅಥವಾ ಹೆಚ್ಚು ಬಿದ್ದರೆ ಹವಾಮಾನ ಇಲಾಖೆಗೆ ಅದು ಮಳೆ ದಿನ. ತೋಟದ ಲೆಕ್ಕದಲ್ಲಿ ಹೆಚ್ಚು ಕಡಿಮೆ 10 ಸೆಂಟ್.

ಬೆಳೆಗಾರರಿಗೆ ಬೇಕಾದ ಪ್ರಶ್ನೆ ಹೂಮಳೆಯದ್ದು. ಬೇಸಿಗೆಯಲ್ಲಿ ಮೊಗ್ಗು ಅರಳಿಸುವ ಆ ಮೊದಲ ಒಳ್ಳೆ ಮಳೆ ಯಾವ ವರ್ಷ ಯಾವತ್ತು ಬಂತು? ಇಲ್ಲಿ ‘ಒಳ್ಳೆ ಮಳೆ’ ಎಷ್ಟು ಅಂತ ನೀವೇ ಗೆರೆ ಎಳೆಯಬೇಕು. ಫೆಬ್ರುವರಿ 1ರ ನಂತರ ಒಂದು ದಿನದಲ್ಲಿ ಒಂದು ಇಂಚು ಅಂತಿಟ್ಟುಕೊಳ್ಳಿ. ಆ ಗೆರೆಯನ್ನು ಲೆಕ್ಕ ಹಾಕುವ ಮೊದಲೇ ಬರೆದಿಡಿ. ಉತ್ತರ ಚೆನ್ನಾಗಿ ಕಾಣಲಿ ಅಂತ ಆಮೇಲೆ ಗೆರೆ ಸರಿಸುವುದು ಮೋಸ. ಮುಕ್ಕಾಲು ಇಂಚಿಗೆ ಏನಾಗುತ್ತದೆ, ಒಂದೂವರೆಗೆ ಏನಾಗುತ್ತದೆ ಅಂತ ಮೂರನ್ನೂ ತೋರಿಸಿದರೆ ಅದು ಪ್ರಾಮಾಣಿಕ ಕೆಲಸ.

ಹದಿನೈದು ವರ್ಷದ ಪುಸ್ತಕ ಇಟ್ಟುಕೊಂಡು ‘ಹವಾಮಾನ ಬದಲಾಗಿದೆ’ ಅಂತ ಬರೆಯಲು ಕೈ ತುರಿಸುತ್ತದೆ. ಬೇಡ. ಹವಾಮಾನದ ಸರಾಸರಿಗೆ ವಿಶ್ವ ಹವಾಮಾನ ಸಂಸ್ಥೆ 30 ವರ್ಷದ ಅವಧಿ ಹಿಡಿಯುತ್ತದೆ. ಇನ್ನೊಂದು ಬಲೆಯೂ ಇದೆ. ಫಲಿತಾಂಶ ಬರೀ ಆಕಸ್ಮಿಕವಾಗಿ ಬರುವ ಸಾಧ್ಯತೆಗೆ ಶೇ 5ರ ಗೆರೆ ಇಟ್ಟುಕೊಂಡು ಇಪ್ಪತ್ತು ಪರೀಕ್ಷೆ ಮಾಡಿದರೆ, ಏನೂ ಇಲ್ಲದಿದ್ದರೂ ಸರಾಸರಿ ಒಂದು ‘ಗೆದ್ದ’ ಹಾಗೆ ಕಾಣುತ್ತದೆ. ಅದೊಂದನ್ನೇ ಎತ್ತಿ ಬರೆದು ಉಳಿದ ಹತ್ತೊಂಬತ್ತನ್ನು ಮುಚ್ಚಿಡುವವರು ಬೇಕಾದಷ್ಟಿದ್ದಾರೆ.

ಮಳೆ ಇಷ್ಟವಿಲ್ಲದವರಿಗೆ ಬೇರೆ ಡೇಟಾ ಇದೆ. ಹಾಸನ ಎಪಿಎಂಸಿಯ ಆಲೂಗಡ್ಡೆ ಧಾರಣೆ ಮಾರುಕಟ್ಟೆ ಬೆಲೆಗಳ ಸರ್ಕಾರಿ ಜಾಲತಾಣ ಅಗ್‌ಮಾರ್ಕ್‌ನೆಟ್‌ನಲ್ಲಿ ಸಿಗುತ್ತದೆ. ಇತಿಹಾಸ ಓದುವವರಿಗೆ ಶಾಸನಗಳ ಸಂಗ್ರಹವಾದ ಎಪಿಗ್ರಾಫಿಯಾ ಕರ್ನಾಟಿಕಾದ ಹಳೆಯ ಮುದ್ರಣದಲ್ಲಿ ಐದನೇ ಸಂಪುಟ ಹಾಸನದ್ದು, ಆರನೆಯದು ಆಗಿನ ಕಡೂರು ಜಿಲ್ಲೆಯದ್ದು, ಅಂದರೆ ಈಗಿನ ಚಿಕ್ಕಮಗಳೂರಿನದ್ದು. ಶಾಸನಗಳ ಕಾಲ, ಊರು, ದಾನದ ಬಗೆ ಇಷ್ಟನ್ನು ಪಟ್ಟಿ ಮಾಡಿದರೂ ಅದು ಡೇಟಾ ವಿಶ್ಲೇಷಣೆಯೇ. ರೋಗಿಗಳ ಮಾಹಿತಿ ಆದರೆ ಮಾತ್ರ ಎಚ್ಚರ. ಸಂಸ್ಥೆಯ ನೈತಿಕ ಸಮಿತಿಯ ಒಪ್ಪಿಗೆ ಇಲ್ಲದೆ ಒಂದು ಸಾಲೂ ನಿಮ್ಮ ಲ್ಯಾಪ್‌ಟಾಪ್‌ಗೆ ಬರಬಾರದು.

ಓದುವುದು

ಪೇಪರ್ ಓದಲು ದುಡ್ಡು ಕೇಳುತ್ತದೆ ಅಂತ ಕೈಚೆಲ್ಲಬೇಡಿ. 2025ರಿಂದ ‘ಒಂದು ದೇಶ ಒಂದು ಚಂದಾ’ ಯೋಜನೆ ಜಾರಿಯಲ್ಲಿದೆ. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ ಇಟ್ಟು, 30 ಪ್ರಕಾಶಕರ ಸುಮಾರು 13,000 ಜರ್ನಲ್‌ಗಳನ್ನು ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ತೆರೆದಿದ್ದಾರೆ. ಸರ್ಕಾರಿ ಕಾಲೇಜಿನವರು ಲೈಬ್ರರಿಯಲ್ಲಿ ಲಾಗಿನ್ ಕೇಳಿ. ಖಾಸಗಿ ಕಾಲೇಜಿನವರಿಗೆ ಭಾರತೀಯ ವಿಜ್ಞಾನ ಅಕಾಡೆಮಿಯ ಜರ್ನಲ್‌ಗಳು ಉಚಿತವಾಗಿ ಸಿಗುತ್ತವೆ. ಪಿಎಚ್‌ಡಿ ಪ್ರಬಂಧಗಳು ಶೋಧಗಂಗಾ ಜಾಲತಾಣದಲ್ಲಿವೆ. ಏನೂ ಸಿಗದಿದ್ದರೆ ಲೇಖಕರಿಗೇ ಮೇಲ್ ಹಾಕಿ. ಎಷ್ಟೋ ಜನ ಖುಷಿಯಿಂದ ಕಳಿಸುತ್ತಾರೆ.

ಓದುವಾಗ ಸಾರಾಂಶ, ಚಿತ್ರಗಳು, ವಿಧಾನ ಈ ಕ್ರಮ ಒಳ್ಳೆಯದು. ಪ್ರತಿ ಪೇಪರ್‌ಗೂ ಮೂರು ಸಾಲು ಬರೆಯಿರಿ: ಏನು ಕೇಳಿದರು, ಹೇಗೆ ನೋಡಿದರು, ಏನು ಸಿಕ್ಕಿತು. ಉಲ್ಲೇಖಗಳನ್ನು ಮೊದಲ ದಿನದಿಂದಲೇ ಜೊಟೆರೊ ಎಂಬ ಉಲ್ಲೇಖ ಜೋಡಿಸುವ ಸಾಫ್ಟ್‌ವೇರ್‌ನಲ್ಲಿ ಇಡಿ, ಅದು ಉಚಿತ. ಚಾಟ್‌ಜಿಪಿಟಿಯಂಥವು ಕೊಟ್ಟ ಉಲ್ಲೇಖವನ್ನು ತೆರೆದು ಓದದೆ ಬಳಸಲೇಬೇಡಿ. ಲೇಖಕರ ಹೆಸರು, ವರ್ಷ, ಜರ್ನಲ್ ಎಲ್ಲ ಸರಿಯಾಗಿ ಕಾಣುತ್ತದೆ, ಪೇಪರ್ ಮಾತ್ರ ಲೋಕದಲ್ಲೇ ಇರುವುದಿಲ್ಲ.

ಬರೆಯುವುದು

ಪೇಪರ್ ಓದುವ ಕ್ರಮದಲ್ಲಿ ಪೇಪರ್ ಬರೆಯಬೇಡಿ. ಮೊದಲು ಗ್ರಾಫ್ ಮತ್ತು ಕೋಷ್ಟಕ. ಆಮೇಲೆ ವಿಧಾನ, ಯಾಕಂದರೆ ಮಾಡಿದ್ದನ್ನು ಬರೆಯುವುದು ಎಲ್ಲಕ್ಕಿಂತ ಸುಲಭ. ನಂತರ ಫಲಿತಾಂಶ, ಚರ್ಚೆ, ಪೀಠಿಕೆ. ಸಾರಾಂಶ ಮತ್ತು ಶೀರ್ಷಿಕೆ ಕೊನೆಗೆ.

ಕನ್ನಡ ಮಾಧ್ಯಮದಿಂದ ಬಂದವರಿಗೆ ಇಂಗ್ಲಿಷಿನ ಭಯ ಇರುತ್ತದೆ. ವಾದವನ್ನು ಮೊದಲು ಕನ್ನಡದಲ್ಲಿ ಬರೆದುಕೊಳ್ಳಿ. ಕನ್ನಡದಲ್ಲೇ ತೊದಲುತ್ತಿದ್ದರೆ ತೊಂದರೆ ಭಾಷೆಯದ್ದಲ್ಲ, ಯೋಚನೆ ಇನ್ನೂ ಬಲಿತಿಲ್ಲ. ಆಮೇಲೆ ಸಣ್ಣ ಸಣ್ಣ ಇಂಗ್ಲಿಷ್ ವಾಕ್ಯ. ‘ಇತ್ತೀಚಿನ ವರ್ಷಗಳಲ್ಲಿ ಮಳೆಯಲ್ಲಿ ಗಮನಾರ್ಹ ಏರುಪೇರು ಕಂಡುಬಂದಿದೆ’ ಅಂತ ಬರೆದರೆ ಓದಿದವರಿಗೆ ಏನೂ ಸಿಗಲಿಲ್ಲ. ಯಾವ ವರ್ಷದಿಂದ ಯಾವ ವರ್ಷಕ್ಕೆ, ಯಾವ ತಿಂಗಳು, ಎಷ್ಟು ಮಿಲಿಮೀಟರ್, ಎಷ್ಟು ದಿನದ ದಾಖಲೆ ಕಾಣೆಯಾಗಿದೆ, ಇಷ್ಟು ಹಾಕಿದರೆ ಅದೇ ವಾಕ್ಯ ನಿಂತುಕೊಳ್ಳುತ್ತದೆ.

ನಕಲಿನ ವಿಷಯದಲ್ಲಿ ಯುಜಿಸಿಯ 2018ರ ನಿಯಮ ಇದೆ. ಶೇ 10ರವರೆಗಿನ ಹೋಲಿಕೆಗೆ ದಂಡವಿಲ್ಲ, ಅದರ ಮೇಲೆ 40, 60 ಅಂತ ಹಂತಹಂತವಾಗಿ ಶಿಕ್ಷೆ ಏರುತ್ತದೆ. ಆದರೆ ಶೇ 9 ಬಂತು ಅಂತ ಕುಣಿಯಬೇಡಿ. ಆ ಒಂಬತ್ತೂ ಒಬ್ಬರದೇ ಫಲಿತಾಂಶದ ಪುಟದಿಂದ ಎತ್ತಿದ್ದಾದರೆ ಸಾಫ್ಟ್‌ವೇರ್ ಸುಮ್ಮನಿರಬಹುದು, ಓದುವ ಪರಿಶೀಲಕರು ಸುಮ್ಮನಿರುವುದಿಲ್ಲ.

ಯಾರ ಹೆಸರು?

ಇದನ್ನು ಮೊದಲ ವಾರವೇ ಕೇಳಿ. ಸಂಕೋಚ ಆಗುತ್ತದೆ, ಗೊತ್ತು. ‘ಮೇಡಂ, ಇದು ಮುಂದೆ ಪೇಪರ್ ಆದರೆ ನನ್ನ ಹೆಸರು ಬರಬೇಕಾದರೆ ನಾನು ಏನೇನು ಮಾಡಿರಬೇಕು?’ ಅಂತ ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ವೈದ್ಯಕೀಯ ಜರ್ನಲ್ ಸಂಪಾದಕರ ಅಂತರರಾಷ್ಟ್ರೀಯ ಸಮಿತಿ ನಾಲ್ಕು ಷರತ್ತು ಇಟ್ಟಿದೆ. ಯೋಜನೆ, ಡೇಟಾ ಅಥವಾ ವಿಶ್ಲೇಷಣೆಯಲ್ಲಿ ಗಣನೀಯ ಪಾಲು, ಬರೆಯುವುದರಲ್ಲೋ ತಿದ್ದುವುದರಲ್ಲೋ ಪಾಲು, ಕೊನೆಯ ರೂಪಕ್ಕೆ ಒಪ್ಪಿಗೆ, ಮತ್ತು ಕೆಲಸದ ಎಲ್ಲ ಭಾಗಕ್ಕೂ ಹೊಣೆ. ನಾಲ್ಕೂ ಸೇರಿದರೆ ಲೇಖಕರು. ಬರೀ ಟೈಪ್ ಮಾಡಿದ್ದರೆ ಕೃತಜ್ಞತೆಯ ಸಾಲಿನಲ್ಲಿ ಜಾಗ, ಅದು ನ್ಯಾಯವೇ. ಹಾಗೆಯೇ ಏನೂ ಮಾಡದ ವಿಭಾಗದ ಮುಖ್ಯಸ್ಥರ ಹೆಸರು ಸೇರಿಸುವ ನಮ್ಮ ಕಡೆಯ ಸಂಪ್ರದಾಯಕ್ಕೆ ಈ ಷರತ್ತುಗಳಲ್ಲಿ ಜಾಗ ಇಲ್ಲ. ಎಐ ಸಾಧನವನ್ನೂ ಲೇಖಕ ಅಂತ ಹಾಕುವಂತಿಲ್ಲ. ಬಳಸಿದ್ದರೆ ಎಲ್ಲಿ ಬಳಸಿದೆವು ಅಂತ ಹೇಳಬೇಕು.

ಕಳಿಸುವುದು

ಕಳಿಸುವ ಮೊದಲು ಲೇಖಕರನ್ನು ಗುರುತಿಸುವ ಒಂದು ಆರ್ಕಿಡ್ (ORCID) ಸಂಖ್ಯೆ ಮಾಡಿಕೊಳ್ಳಿ. 16 ಅಂಕಿಯದ್ದು, ಉಚಿತ. ‘ಮಂಜುನಾಥ ಕೆ’ ಅನ್ನುವ ಹೆಸರಿನವರು ಎಷ್ಟು ಜನ ಇದ್ದಾರೆ ಅಂತ ಯೋಚಿಸಿದರೆ ಅದು ಯಾಕೆ ಬೇಕು ಅಂತ ಗೊತ್ತಾಗುತ್ತದೆ.

ಜರ್ನಲ್ ಹುಡುಕುವಾಗ ನೀವು ಉಲ್ಲೇಖಿಸಿದ ಪೇಪರ್‌ಗಳು ಎಲ್ಲಿ ಬಂದಿವೆ ಅಂತ ನೋಡಿ. ಅಲ್ಲೇ ನಿಮ್ಮ ಓದುಗರಿದ್ದಾರೆ. ‘ಯುಜಿಸಿ ಅನುಮೋದಿತ’ ಅಂತ ಜಾಹೀರಾತು ಕೊಡುವವರನ್ನು ದೂರ ಇಡಿ. ಯುಜಿಸಿ ಒಪ್ಪಿದ ಜರ್ನಲ್‌ಗಳ ತನ್ನ ಕೇರ್ ಪಟ್ಟಿಯನ್ನೇ 2025ರ ಫೆಬ್ರುವರಿಯಲ್ಲಿ ಕೈಬಿಟ್ಟಿದೆ. ಐಎಸ್‌ಎಸ್‌ಎನ್ ಇದೆ ಅನ್ನುವುದೂ ಗುಣಮಟ್ಟದ ಮಾತಲ್ಲ, ಅದು ನಿಯತಕಾಲಿಕದ ಗುರುತಿನ ಸಂಖ್ಯೆ ಅಷ್ಟೇ. ಮೂರು ದಿನದಲ್ಲಿ ಒಪ್ಪಿಗೆ, ಕಾಫಿಯಿಂದ ಕಾನೂನಿನವರೆಗೆ ಎಲ್ಲ ವಿಷಯಕ್ಕೂ ಸ್ವಾಗತ, ಸಂಪರ್ಕಕ್ಕೆ ಬರೀ ವಾಟ್ಸಾಪ್ ನಂಬರು, ಇವು ಕಂಡರೆ ಎದ್ದು ಬನ್ನಿ. ದುಡ್ಡು ಕೇಳಿದ ಮಾತ್ರಕ್ಕೆ ಜರ್ನಲ್ ಕಳ್ಳ ಅಲ್ಲ. ಎಲ್ಲರಿಗೂ ಉಚಿತವಾಗಿ ಓದಲು ಬಿಡುವ ಒಳ್ಳೆಯ ಜರ್ನಲ್‌ಗಳೂ ಲೇಖಕರಿಂದ ಶುಲ್ಕ ಪಡೆಯುತ್ತವೆ. ಆದರೆ ಶುಲ್ಕ ಎಷ್ಟು ಅಂತ ಮೊದಲೇ ಬಹಿರಂಗವಾಗಿ ಬರೆದಿರುತ್ತಾರೆ.

ಒಂದು ಪೇಪರನ್ನು ಒಂದೇ ಹೊತ್ತಿಗೆ ಎರಡು ಜರ್ನಲ್‌ಗೆ ಕಳಿಸಬಾರದು. ಪರಿಶೀಲನೆ ತಿಂಗಳುಗಟ್ಟಲೆ ಹಿಡಿಯುತ್ತದೆ, ನಿಮ್ಮ ಇಂಟರ್ನ್‌ಶಿಪ್ ಅಷ್ಟರಲ್ಲಿ ಮುಗಿದಿರುತ್ತದೆ. ಕಾಯುವಾಗ ಶುದ್ಧ ಮಾಡಿದ ಡೇಟಾವನ್ನು, ಗೈಡ್ ಮತ್ತು ಡೇಟಾದ ಒಡೆಯರ ಒಪ್ಪಿಗೆ ಪಡೆದು, ಸಂಶೋಧನಾ ಡೇಟಾ ಇಡುವ ಜೆನೊಡೊ ಜಾಲತಾಣದಲ್ಲಿ ಇಡಬಹುದು. ಅದಕ್ಕೊಂದು ಡಿಒಐ, ಅಂದರೆ ಶಾಶ್ವತ ಗುರುತಿನ ಸಂಖ್ಯೆ, ಸಿಗುತ್ತದೆ. ನನ್ನ ಕೇಳಿದರೆ, ಯಾರೂ ಓದದ ಜರ್ನಲ್‌ನ ನಾಲ್ಕು ಪುಟಕ್ಕಿಂತ ಇದು ಬಯೋಡೇಟಾದಲ್ಲಿ ತೂಕದ ಸಾಲು.

ಕೊನೆಯ ವಾರ

ಸರ್ಟಿಫಿಕೇಟ್‌ನಲ್ಲಿ ‘ಯಶಸ್ವಿಯಾಗಿ ಪೂರೈಸಿದ್ದಾರೆ’ ಅಂತ ಮಾತ್ರ ಬೇಡ. ಯಾವ ಡೇಟಾ, ಯಾವ ಸಾಧನ, ಎಷ್ಟು ಗಂಟೆ ಅಂತ ಎರಡು ಸಾಲು ಸೇರಿಸಲು ಕೇಳಿ. ಬೇಕಿದ್ದರೆ ನೀವೇ ಬರೆದು ಕೊಡಿ, ಅವರು ತಿದ್ದಿ ಸಹಿ ಹಾಕುತ್ತಾರೆ. ತೋಟದ ಮಾಲೀಕರಿಗೆ ಕನ್ನಡದಲ್ಲಿ ಒಂದು ಪುಟದ ವರದಿ, ಒಂದು ಗ್ರಾಫ್, ಪುಸ್ತಕದ ಫೋಟೋಗಳಿರುವ ಪೆನ್‌ಡ್ರೈವ್ ತಲುಪಿಸಿ. ಕಡತಗಳ ಒಂದು ಪ್ರತಿ ಗೈಡ್ ಹತ್ತಿರ ಇರಲಿ, ನೀವು ಇಲ್ಲದಾಗಲೂ ಯಾವ ಫೈಲ್ ಎಲ್ಲಿದೆ ಅಂತ ಅವರಿಗೆ ತಿಳಿಯಬೇಕು. ಪೇಪರ್ ಕೆಲಸ ಬಾಕಿ ಇದ್ದರೆ ತಿಂಗಳಿಗೊಂದು ಮೇಲ್ ಹಾಕಿ. ‘ಏನಾಯ್ತು ಸರ್’ ಅಂತ ಕೇಳಬೇಡಿ. ‘ಎರಡನೇ ಕೋಷ್ಟಕ ಮತ್ತೆ ತಾಳೆ ನೋಡಿ ಕಳಿಸಿದ್ದೇನೆ’ ಅಂತ ಏನಾದರೂ ಮಾಡಿ ಕಳಿಸಿ. ಅಂಥ ಮೇಲ್‌ಗೆ ಉತ್ತರ ಬೇಗ ಬರುತ್ತದೆ.